ಆಲಮಟ್ಟಿಯ ಮಟ್ಟದಿಂದ ಉತಾರದವರೆಗೆ: ದಶಮಾಂಶ ಬಿಂದುವಿನ ಸರಿಯಾದ ಲೆಕ್ಕ

ಮುಂಗಾರು ಶುರುವಾಯಿತೆಂದರೆ ವಿಜಯಪುರ, ಬಾಗಲಕೋಟೆಯ ಪತ್ರಿಕೆಗಳಲ್ಲಿ ಆಲಮಟ್ಟಿ ಜಲಾಶಯದ ಅಂಕಿಗಳು ಬರತೊಡಗುತ್ತವೆ. ಗರಿಷ್ಠ ಮಟ್ಟ 519.60 ಮೀಟರ್, ಇಂದಿನ ಮಟ್ಟ ಇಷ್ಟು, ಒಳಹರಿವು ಇಷ್ಟು, ಹೊರಹರಿವು ಇಷ್ಟು. ಹಿನ್ನೀರಿನ ಅಂಚಿನಲ್ಲಿ ಹೊಲ ಇರುವವರು ಮೊದಲು ನೋಡುವುದೇ ಇದನ್ನು. ಈಗ ಒಂದು ಪ್ರಶ್ನೆ. ನಿನ್ನೆ 518.9 ಎಂದಿದ್ದ ಮಟ್ಟ ಇಂದು 518.25 ಎಂದು ಅಚ್ಚಾಗಿದ್ದರೆ ನೀರು ಏರಿತೇ, ಇಳಿಯಿತೇ? ಒಂಬತ್ತಕ್ಕಿಂತ ಇಪ್ಪತ್ತೈದು ದೊಡ್ಡದಲ್ಲವೇ, ಏರಿದೆ ಎಂದು ಥಟ್ಟನೆ ಉತ್ತರಿಸುವ ಮಕ್ಕಳು ಪ್ರತಿ ತರಗತಿಯಲ್ಲೂ ಸಿಗುತ್ತಾರೆ. ಹಾಗೆ ಹೇಳುವ ದೊಡ್ಡವರೂ ಕಡಿಮೆಯಿಲ್ಲ. ನಿಜವಾಗಿ ನೀರು 65 ಸೆಂಟಿಮೀಟರ್ ಇಳಿದಿದೆ.

ಈ ತಪ್ಪಿನ ಬೇರು ಒಂದೇ. ಬಿಂದುವಿನ ಎಡಕ್ಕೆ ಒಂದು ಸಂಖ್ಯೆ, ಬಲಕ್ಕೆ ಇನ್ನೊಂದು ಸಂಖ್ಯೆ ಎಂದು ನಾವು ಓದುತ್ತೇವೆ. ಆದರೆ 518.25 ಎಂಬುದು ಒಂದೇ ಸಂಖ್ಯೆ. ಅದರಲ್ಲಿ ಬಿಡಿ ಸ್ಥಾನ ಯಾವುದು ಎಂದು ತೋರಿಸುವುದಷ್ಟೇ ಬಿಂದುವಿನ ಕೆಲಸ. ಬಿಂದುವಿನ ಒತ್ತಿಗೆ ಎಡದಲ್ಲಿ ಇರುವ ಅಂಕಿ ಬಿಡಿ. ಅಲ್ಲಿಂದ ಎಡಕ್ಕೆ ಒಂದೊಂದು ಮನೆ ಸರಿದಂತೆ ಬೆಲೆ ಹತ್ತು ಪಟ್ಟಾಗುತ್ತದೆ: ಹತ್ತು, ನೂರು, ಸಾವಿರ. ಬಲಕ್ಕೆ ಸರಿದಂತೆ ಹತ್ತನೇ ಒಂದು ಭಾಗವಾಗುತ್ತದೆ: ದಶಾಂಶ, ಶತಾಂಶ, ಸಹಸ್ರಾಂಶ. ಈ ಸಾಲಿನ ನಡುಮಧ್ಯ ಇರುವುದು ಬಿಡಿ ಸ್ಥಾನವೇ ಹೊರತು ಬಿಂದು ಅಲ್ಲ. ಬಿಡಿಯ ಎಡಕ್ಕೆ ಹತ್ತು ಇದ್ದರೆ ಬಲಕ್ಕೆ ದಶಾಂಶ, ಎಡಕ್ಕೆ ನೂರು ಇದ್ದರೆ ಅಷ್ಟೇ ದೂರದಲ್ಲಿ ಬಲಕ್ಕೆ ಶತಾಂಶ. ಮಕ್ಕಳಿಗೆ ಇದನ್ನು ಹಲಗೆಯ ಮೇಲೆ ಒಮ್ಮೆ ಬರೆದು ತೋರಿಸಿದರೆ, ಬಿಂದುವಿನ ಬಲಕ್ಕೆ ಮೊದಲು ‘ಬಿಡಿಯಂಶ’ ಏಕೆ ಇಲ್ಲ ಎಂಬ ಅವರ ಗೊಂದಲ ಅಲ್ಲಿಗೇ ತೀರುತ್ತದೆ.

ಹೀಗೆ ನೋಡಿದರೆ 518.9ರಲ್ಲಿ ಒಂಬತ್ತು ದಶಾಂಶಗಳಿವೆ, 518.25ರಲ್ಲಿ ಎರಡೇ ದಶಾಂಶಗಳಿವೆ. ಹೋಲಿಕೆ ಅಲ್ಲಿಯೇ ಮುಗಿಯಿತು. ಮುಂದಿನ ಐದನ್ನು ನೋಡುವ ಅಗತ್ಯವೇ ಇಲ್ಲ. ಬಿಂದುವಿನ ಎಡಭಾಗ ಒಂದೇ ಆಗಿರುವ ಎರಡು ಸಂಖ್ಯೆಗಳನ್ನು ಹೋಲಿಸುವಾಗ ಬಿಂದುವಿನಿಂದ ಬಲಕ್ಕೆ ಒಂದೊಂದೇ ಅಂಕಿ ನೋಡುತ್ತ ಹೋಗಬೇಕು. ಮೊದಲು ವ್ಯತ್ಯಾಸ ಕಂಡಲ್ಲಿ ತೀರ್ಮಾನ. ಕಣ್ಣಿಗೆ ಸುಲಭವಾಗಬೇಕೆಂದರೆ 518.9ರ ಬಲಕ್ಕೆ ಸೊನ್ನೆ ಹಾಕಿ 518.90 ಮಾಡಿಕೊಳ್ಳಿ, ಬೆಲೆ ಬದಲಾಗುವುದಿಲ್ಲ. ಓದುವಾಗಲೂ ‘ಪಾಯಿಂಟ್ ಇಪ್ಪತ್ತೈದು’ ಎನ್ನುವ ಬದಲು ‘ಪಾಯಿಂಟ್ ಎರಡು ಐದು’ ಎಂದು ಬಿಡಿಬಿಡಿಯಾಗಿ ಓದುವ ರೂಢಿ ಮಾಡಿಸಿದರೆ ಅರ್ಧ ಗೊಂದಲ ತಾನಾಗಿಯೇ ಹೋಗುತ್ತದೆ.

ಕೊನೆಯ ಸೊನ್ನೆಗೆ ಬೆಲೆಯಿಲ್ಲವಾದರೆ ಗರಿಷ್ಠ ಮಟ್ಟವನ್ನು 519.6 ಎನ್ನದೆ 519.60 ಎಂದು ಬರೆಯುವುದೇಕೆ? ಅಳತೆಯನ್ನು ಸೆಂಟಿಮೀಟರಿನವರೆಗೆ ಮಾಡಲಾಗಿದೆ ಎಂದು ಆ ಸೊನ್ನೆ ತಿಳಿಸುತ್ತದೆ. ಲೆಕ್ಕಕ್ಕೆ ಎರಡೂ ಒಂದೇ. ಆದರೆ ನಡುವೆ ಬರುವ ಸೊನ್ನೆಯ ಮಾತೇ ಬೇರೆ. ಅದನ್ನು ಮುಟ್ಟಿದರೆ ಲೆಕ್ಕ ಕೆಡುತ್ತದೆ. ಚಿನ್ನ ತೂಗುವ ಸರಾಫ ಅಂಗಡಿಯ ತಕ್ಕಡಿಯನ್ನು ನೋಡಿ. ಅದು ಮೂರು ದಶಮಾಂಶ ಸ್ಥಾನಗಳನ್ನು ತೋರಿಸುತ್ತದೆ. ಪರದೆಯ ಮೇಲೆ 8.040 ಎಂದು ಬಂದರೆ ಅಂಗಡಿಯವರು ‘ಎಂಟು ಗ್ರಾಂ ನಲವತ್ತು ಮಿಲಿ’ ಎನ್ನುತ್ತಾರೆ. ಅದು ಸರಿ, ಏಕೆಂದರೆ ಒಂದು ಗ್ರಾಂಗೆ ಸಾವಿರ ಮಿಲಿಗ್ರಾಂ. ಕೇಳಿದವರು ಮನೆಗೆ ಬಂದು ಚೀಟಿಯಲ್ಲಿ 8.40 ಎಂದು ಬರೆದುಕೊಂಡರೆ ಅದು ಎಂಟು ಗ್ರಾಂ ನಾನೂರು ಮಿಲಿ ಆಗಿಬಿಡುತ್ತದೆ. ಗ್ರಾಂಗೆ ಹತ್ತು ಸಾವಿರ ರೂಪಾಯಿ ಎಂದು ಹಿಡಿದರೂ ಈ ಒಂದು ಸೊನ್ನೆಯ ಬೆಲೆ 3,600 ರೂಪಾಯಿ.

ನಮಗೆಲ್ಲ ದಶಮಾಂಶ ಮೊದಲು ಪರಿಚಯವಾಗುವುದು ರೂಪಾಯಿ ಪೈಸೆಯಲ್ಲಿ. ತೊಂದರೆಯ ಒಂದು ಭಾಗ ಅಲ್ಲಿಂದಲೇ ಬರುತ್ತದೆ. ಹಣದಲ್ಲಿ ಬಿಂದುವಿನ ಮುಂದೆ ಯಾವಾಗಲೂ ಎರಡು ಅಂಕಿ, ಅದನ್ನು ‘ಇಷ್ಟು ಪೈಸೆ’ ಎಂದು ಪೂರ್ಣ ಸಂಖ್ಯೆಯಂತೆಯೇ ಓದುತ್ತೇವೆ. ಎರಡೇ ಸ್ಥಾನಗಳಿರುವವರೆಗೆ ಅದು ನಡೆಯುತ್ತದೆ. ಕ್ಯಾಲ್ಕುಲೇಟರ್ 45.5 ಎಂದು ತೋರಿಸಿದಾಗ ಮಾತ್ರ ಕೆಲವರು ತಡವರಿಸುತ್ತಾರೆ. ಅದು ನಲವತ್ತೈದು ರೂಪಾಯಿ ಐವತ್ತು ಪೈಸೆ. ಐದು ಪೈಸೆಯಾಗಿದ್ದರೆ 45.05 ಎಂದಿರಬೇಕಿತ್ತು. ಈ ವ್ಯವಸ್ಥೆ ನಮ್ಮ ದೇಶದಲ್ಲಿ ಬಹಳ ಹಳೆಯದೂ ಅಲ್ಲ. 1957ರ ಏಪ್ರಿಲ್ 1ಕ್ಕೆ ಮುಂಚೆ ಒಂದು ರೂಪಾಯಿಗೆ 16 ಆಣೆ, 64 ಪೈಸೆ. ಅಂದು ನೂರು ನಯಾ ಪೈಸೆ ಬಂದಾಗ ಒಂದು ಆಣೆಗೆ ಲೆಕ್ಕದ ಪ್ರಕಾರ 6.25 ಪೈಸೆ ಆಗಬೇಕಿತ್ತು, ಕಾಲು ಪೈಸೆ ಬಿಟ್ಟು ಆರು ಪೈಸೆ ಎಂದು ನಿಗದಿ ಮಾಡಿದರು. ನಾಲ್ಕು ಆಣೆ ಮಾತ್ರ ಸರಿಯಾಗಿ 25 ಪೈಸೆಗೆ ಕೂತಿತು. ಕಾಲು, ಅರ್ಧ, ಮುಕ್ಕಾಲುಗಳಲ್ಲಿ ಬೆಳೆದ ಹಿರಿಯರಿಗೆ ಹತ್ತರ ಭಾಗಗಳ ಲೆಕ್ಕ ಒಗ್ಗಲು ಕಾಲ ಹಿಡಿದದ್ದು ಸಹಜ.

ಸ್ಥಾನಬೆಲೆ ನಮ್ಮ ನೆಲದಲ್ಲೇ ಬೆಳೆದ ವಿದ್ಯೆ. ಹನ್ನೆರಡನೇ ಶತಮಾನದ ಭಾಸ್ಕರಾಚಾರ್ಯರನ್ನು ವಿಜಯಪುರದವರೆಂದು ಇಲ್ಲಿ ಅನೇಕರು ಅಭಿಮಾನದಿಂದ ಹೇಳುತ್ತಾರೆ. ವಿದ್ವಾಂಸರಲ್ಲಿ ಇದರ ಬಗ್ಗೆ ಭಿನ್ನಾಭಿಪ್ರಾಯವಿದೆ. ಭಾಸ್ಕರಾಚಾರ್ಯರು ಏಕ, ದಶ, ಶತ, ಸಹಸ್ರ ಎಂದು ಎಡಕ್ಕೆ ಏರುವ ಸ್ಥಾನಗಳನ್ನು ಸಾಲಾಗಿ ಹೆಸರಿಸಿದ್ದಾರೆ, ಆದರೆ ಭಿನ್ನರಾಶಿಯನ್ನು ಮಾತ್ರ ಆ ಕಾಲದ ಪದ್ಧತಿಯಂತೆ ಮೇಲೊಂದು, ಕೆಳಗೊಂದು ಸಂಖ್ಯೆಯಾಗಿಯೇ ಬರೆಯಲಾಗುತ್ತಿತ್ತು. ಅದೇ ಸಾಲನ್ನು ಬಿಡಿಯಿಂದ ಬಲಕ್ಕೂ ಮುಂದುವರಿಸುವ ಪದ್ಧತಿಯನ್ನು ಹದಿನೈದನೇ ಶತಮಾನದಲ್ಲಿ ಸಮರ್ಕಂಡದ ಗಣಿತಜ್ಞ ಅಲ್ ಕಾಶಿ ವ್ಯವಸ್ಥಿತವಾಗಿ ಬಳಸಿದರು, 1585ರಲ್ಲಿ ಗಣಿತಜ್ಞ ಸೈಮನ್ ಸ್ಟೆವಿನ್ ಯುರೋಪಿನಲ್ಲಿ ಜನಬಳಕೆಗೆ ತಂದರು. ಎಡದ ನಿಯಮವೇ ಬಲಕ್ಕೂ ಅನ್ವಯ ಎಂಬ ಒಂದೇ ವಿಚಾರ ಇಷ್ಟು ದೂರ ಬಂದಿದೆ.

ಕೂಡುವುದು, ಕಳೆಯುವುದು ಈ ವಿಚಾರದಿಂದಲೇ ಹೊರಡುತ್ತವೆ. ದಶಾಂಶಕ್ಕೆ ದಶಾಂಶವನ್ನೇ, ಶತಾಂಶಕ್ಕೆ ಶತಾಂಶವನ್ನೇ ಕೂಡಬೇಕು. ಹಾಗಾಗಿ ಬಿಂದುಗಳು ಒಂದರ ಕೆಳಗೆ ಒಂದು ನಿಲ್ಲಬೇಕು. ಪೂರ್ಣ ಸಂಖ್ಯೆಗಳಲ್ಲಿ ಬಲ ಅಂಚಿಗೆ ಹೊಂದಿಸಿ ಬರೆದು ಕೈ ಪಳಗಿರುವುದರಿಂದ ಮಕ್ಕಳು ಇಲ್ಲಿಯೂ ಹಾಗೆಯೇ ಮಾಡುತ್ತಾರೆ. ಉದಾಹರಣೆಗೆ ಆಲಮಟ್ಟಿಯನ್ನೇ ತೆಗೆದುಕೊಳ್ಳಿ. ಕೃಷ್ಣಾ ನದಿ ನೀರು ಹಂಚಿಕೆಯ ಎರಡನೇ ನ್ಯಾಯಮಂಡಳಿಯ 2010ರ ತೀರ್ಪು ನೀರಿನ ಮಟ್ಟವನ್ನು 524.256 ಮೀಟರಿಗೆ ಏರಿಸಲು ಅವಕಾಶ ಕೊಟ್ಟಿತು. ಈಗಿನ 519.6ಕ್ಕಿಂತ ಅದು ಎಷ್ಟು ಹೆಚ್ಚು? ಬಲ ಅಂಚಿಗೆ ಹೊಂದಿಸಿ ಕಳೆದರೆ 519.060 ಎಂಬ ಉತ್ತರ ಬರುತ್ತದೆ. ಅಣೆಕಟ್ಟೆಯನ್ನು ಐನೂರು ಮೀಟರ್ ಎತ್ತರಿಸಬೇಕೆಂದು ಹೇಳಿದಂತಾಯಿತು! ಖಾಲಿ ಸ್ಥಾನಗಳಿಗೆ ಸೊನ್ನೆ ತುಂಬಿ, ಬಿಂದುವಿನ ಕೆಳಗೆ ಬಿಂದು ಇಟ್ಟು ಬರೆಯೋಣ.

524.256
519.600
————
4.656

ನಾಲ್ಕೂವರೆ ಮೀಟರಿಗಿಂತ ಸ್ವಲ್ಪ ಹೆಚ್ಚು. 524ರಲ್ಲಿ ಸುಮಾರು 520 ಹೋದರೆ ನಾಲ್ಕೈದು ಉಳಿಯಬೇಕು ಎಂದು ಮೊದಲೇ ಮನಸ್ಸಿನಲ್ಲಿ ಅಂದಾಜು ಮಾಡಿಕೊಂಡಿದ್ದರೆ ಐನೂರರ ಉತ್ತರವನ್ನು ಯಾರೂ ಒಪ್ಪುತ್ತಿರಲಿಲ್ಲ. ದಶಮಾಂಶದ ಲೆಕ್ಕದಲ್ಲಿ ಅಂದಾಜಿನಷ್ಟು ನಂಬಿಕೆಗೆ ಅರ್ಹವಾದ ಕಾವಲು ಬೇರೊಂದಿಲ್ಲ ಎಂಬುದು ನನ್ನ ದೃಢ ಅಭಿಪ್ರಾಯ. ಬಿಂದು ಒಂದು ಮನೆ ತಪ್ಪಿದರೆ ಉತ್ತರ ಹತ್ತು ಪಟ್ಟು ತಪ್ಪುತ್ತದೆ. ಅಷ್ಟು ದೊಡ್ಡ ತಪ್ಪು ಒರಟು ಅಂದಾಜಿಗೂ ಸಿಕ್ಕಿಬೀಳುತ್ತದೆ.

ಹತ್ತು, ನೂರು, ಸಾವಿರಗಳಿಂದ ಗುಣಿಸುವಾಗ ಅಂಕಿಗಳು ಬದಲಾಗುವುದಿಲ್ಲ, ಬಿಂದು ಬಲಕ್ಕೆ ಸರಿಯುತ್ತದೆ. ಭಾಗಿಸಿದರೆ ಎಡಕ್ಕೆ. ಜಲಾಶಯದ ಸುದ್ದಿಯಲ್ಲೇ ಇದಕ್ಕೆ ಒಳ್ಳೆಯ ಉದಾಹರಣೆಯಿದೆ. ಒಳಹರಿವು ಒಂದು ಲಕ್ಷ ಕ್ಯುಸೆಕ್ ಎಂದರೆ ಸೆಕೆಂಡಿಗೆ ಒಂದು ಲಕ್ಷ ಘನ ಅಡಿ. ದಿನಕ್ಕೆ 86,400 ಸೆಕೆಂಡು. ಗುಣಿಸಿದರೆ 864 ಕೋಟಿ ಘನ ಅಡಿ. ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ. 864ನ್ನು ನೂರರಿಂದ ಭಾಗಿಸಲು ಬಿಂದುವನ್ನು ಎರಡು ಮನೆ ಎಡಕ್ಕೆ ಸರಿಸಿದರೆ 8.64 ಟಿಎಂಸಿ. ಒಂದೇ ಮನೆ ಸರಿಸಿ 86.4 ಎಂದು ಬರೆದರೆ? 519.60 ಮೀಟರಿನಲ್ಲಿ ಇಡೀ ಜಲಾಶಯದ ಸಾಮರ್ಥ್ಯ 123.08 ಟಿಎಂಸಿ. ಒಂದು ಲಕ್ಷ ಕ್ಯುಸೆಕ್‌ಗೆ ಎರಡೇ ದಿನದಲ್ಲಿ ಜಲಾಶಯ ತುಂಬಿ ಹೊರಚೆಲ್ಲಬೇಕಾಗುತ್ತದೆ. ಹಾಗೆ ಆಗುವುದಿಲ್ಲ ಎಂದು ಕೃಷ್ಣೆಯ ದಂಡೆಯವರೆಲ್ಲರಿಗೂ ಗೊತ್ತು.

ಗುಣಾಕಾರದ ನಿಯಮವನ್ನು ಶಾಲೆಯಲ್ಲಿ ಎಲ್ಲರೂ ಬಾಯಿಪಾಠ ಮಾಡಿರುತ್ತಾರೆ: ಬಿಂದು ಇಲ್ಲವೆಂದು ಭಾವಿಸಿ ಗುಣಿಸಿ, ಎರಡೂ ಸಂಖ್ಯೆಗಳ ದಶಮಾಂಶ ಸ್ಥಾನಗಳನ್ನು ಕೂಡಿ, ಉತ್ತರದಲ್ಲಿ ಬಲದಿಂದ ಅಷ್ಟು ಸ್ಥಾನ ಎಣಿಸಿ ಬಿಂದು ಇಡಿ. ಹೀಗೇಕೆ ಎಂಬುದನ್ನು ಮಾತ್ರ ಹೇಳುವವರು ಕಡಿಮೆ. 0.3ನ್ನು 0.4ರಿಂದ ಗುಣಿಸಿದರೆ 1.2 ಏಕಲ್ಲ? ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲದ ಚೌಕವನ್ನು ನೆಲದ ಮೇಲೆ ಸೀಮೆಸುಣ್ಣದಿಂದ ಬರೆಯಿರಿ. ಉದ್ದಕ್ಕೆ ಹತ್ತು ಸಮಭಾಗ, ಅಗಲಕ್ಕೆ ಹತ್ತು ಸಮಭಾಗ ಮಾಡಿ ಗೆರೆ ಎಳೆದರೆ ನೂರು ಪುಟ್ಟ ಚೌಕಗಳಾಗುತ್ತವೆ. 0.3 ಮೀಟರ್ ಎಂದರೆ ಒಂದು ಕಡೆಗೆ ಮೂರು ಭಾಗ, 0.4 ಮೀಟರ್ ಎಂದರೆ ಇನ್ನೊಂದು ಕಡೆಗೆ ನಾಲ್ಕು ಭಾಗ. ಆ ಆಯತದೊಳಗೆ ಬರುವುದು ಹನ್ನೆರಡು ಪುಟ್ಟ ಚೌಕ, ಅಂದರೆ ನೂರರಲ್ಲಿ ಹನ್ನೆರಡು, 0.12. ದಶಾಂಶವನ್ನು ದಶಾಂಶದಿಂದ ಗುಣಿಸಿದಾಗ ಶತಾಂಶ ಹುಟ್ಟುತ್ತದೆ. ಸ್ಥಾನಗಳನ್ನು ಕೂಡುವುದರ ಹಿಂದಿರುವುದು ಇಷ್ಟೇ. ಒಂದಕ್ಕಿಂತ ಕಡಿಮೆ ಇರುವ ಸಂಖ್ಯೆಯಿಂದ ಗುಣಿಸಿದರೆ ಉತ್ತರ ಕಿರಿದಾಗುವುದೂ ಇದೇ ಚೌಕದಲ್ಲಿ ಕಣ್ಣಿಗೆ ಕಾಣುತ್ತದೆ.

ಬೆಳಗಾವಿ, ಬಾಗಲಕೋಟೆಯ ಕಬ್ಬು ಬೆಳೆಗಾರರಿಗೆ ಈ ಎಲ್ಲ ಲೆಕ್ಕಗಳೂ ಒಂದೇ ಬಿಲ್ಲಿನಲ್ಲಿ ಎದುರಾಗುತ್ತವೆ. 2025–26ರ ಹಂಗಾಮಿಗೆ ಕೇಂದ್ರ ಸರ್ಕಾರ ನಿಗದಿ ಮಾಡಿದ, ಕಾರ್ಖಾನೆಗಳು ಕಬ್ಬಿಗೆ ಕೊಡಲೇಬೇಕಾದ ಕನಿಷ್ಠ ದರವಾದ ಎಫ್‌ಆರ್‌ಪಿ ಕ್ವಿಂಟಲಿಗೆ 355 ರೂಪಾಯಿ. ಇದು ಸಕ್ಕರೆ ಇಳುವರಿ, ಅಂದರೆ ಕಬ್ಬಿನ ತೂಕದಲ್ಲಿ ಸಿಗುವ ಸಕ್ಕರೆಯ ಪಾಲು, ಶೇ 10.25 ಇದ್ದರೆ. ಅದಕ್ಕಿಂತ ಮೇಲೆ ಪ್ರತಿ 0.1ಕ್ಕೆ 3.46 ರೂಪಾಯಿ ಹೆಚ್ಚು. ಕೆಳಗಿದ್ದರೆ ಅದೇ ದರದಲ್ಲಿ ಕಡಿತ, ಆದರೆ ಇಳುವರಿ 9.5ಕ್ಕಿಂತ ಕಡಿಮೆಯಾದರೂ 329.05 ರೂಪಾಯಿಗಿಂತ ಇಳಿಸುವಂತಿಲ್ಲ. ಈ 329.05 ಎಲ್ಲಿಂದ ಬಂತೆಂದು ನೀವೇ ಪರೀಕ್ಷಿಸಬಹುದು. 10.25ರಲ್ಲಿ 9.50 ಕಳೆದರೆ 0.75. ಅದರಲ್ಲಿ 0.1ರ ಭಾಗಗಳು ಏಳೂವರೆ. 7.5ನ್ನು 3.46ರಿಂದ ಗುಣಿಸಿದರೆ 25.95. 355.00ರಲ್ಲಿ ಅದನ್ನು ಕಳೆದರೆ 329.05.

ಈಗ ಒಂದು ಕಾರ್ಖಾನೆಯ ಇಳುವರಿ 11.05 ಎಂದಿಟ್ಟುಕೊಳ್ಳಿ. ಇದನ್ನು 11.5 ಎಂದು ಓದಿದರೆ ಮೊದಲ ಹೆಜ್ಜೆಯಲ್ಲೇ ಲೆಕ್ಕ ಕೆಟ್ಟಿತು. 11.05ರಲ್ಲಿ 10.25 ಹೋದರೆ 0.80, ಅಂದರೆ ಎಂಟು ಭಾಗ. ಎಂಟು ಸಲ 3.46 ಅಂದರೆ 27.68. ಕ್ವಿಂಟಲಿಗೆ 382.68 ರೂಪಾಯಿ. ಟನ್ನಿಗೆ ಹತ್ತು ಕ್ವಿಂಟಲ್, ಬಿಂದು ಒಂದು ಮನೆ ಬಲಕ್ಕೆ: 3,826.80 ರೂಪಾಯಿ. ತೂಕದ ಚೀಟಿಯಲ್ಲಿ ಕಬ್ಬು 18 ಟನ್ 350 ಕಿಲೋ ಎಂದಿದೆ. ಅದು 18.350 ಟನ್, ಅಥವಾ 18.35. ಬಿಂದು ಬಿಟ್ಟು 1835ನ್ನು 38268ರಿಂದ ಗುಣಿಸಿದರೆ 7,02,21,780. ಮೊದಲ ಸಂಖ್ಯೆಯಲ್ಲಿ ಎರಡು ಸ್ಥಾನ, ಎರಡನೆಯದರಲ್ಲಿ ಒಂದು, ಒಟ್ಟು ಮೂರು. ಬಲದಿಂದ ಮೂರು ಎಣಿಸಿ ಬಿಂದು ಇಟ್ಟರೆ 70,221.780, ಅಂದರೆ 70,221 ರೂಪಾಯಿ 78 ಪೈಸೆ. ಅಂದಾಜಿನ ಕಾವಲು ಇಲ್ಲೂ ಇರಲಿ: 18 ಟನ್, ಟನ್ನಿಗೆ ಸುಮಾರು ನಾಲ್ಕು ಸಾವಿರ, 72 ಸಾವಿರದ ಆಸುಪಾಸು. ಸರಿಯಾಗಿದೆ. ಕಟಾವು, ಸಾಗಾಣಿಕೆಯ ಖರ್ಚು ಕಳೆಯುವುದು ಇದರ ನಂತರ. ತೂಕ 18 ಟನ್ 35 ಕಿಲೋ ಇದ್ದಿದ್ದರೆ 18.035 ಎಂದು ಬರೆಯಬೇಕಿತ್ತು. ಎರಡರ ನಡುವೆ 1,205 ರೂಪಾಯಿಗಿಂತ ಹೆಚ್ಚಿನ ವ್ಯತ್ಯಾಸವಿದೆ. ಟನ್ನಿಗೆ ಸಾವಿರ ಕಿಲೋ ಆದ್ದರಿಂದ ಕಿಲೋಗೆ ಯಾವಾಗಲೂ ಮೂರು ಸ್ಥಾನ ಬೇಕು. ಕಿಲೋ ಗ್ರಾಂ, ಲೀಟರ್ ಮಿಲಿಲೀಟರ್‌ಗೂ ಇದೇ ಮಾತು. ಒಂದು ಕಿಲೋ ಐವತ್ತು ಗ್ರಾಂ 1.050, ಒಂದೂವರೆ ಕಿಲೋ 1.500.

ಭಾಗಾಕಾರದಲ್ಲಿ ಭಾಜಕವನ್ನು ಪೂರ್ಣ ಸಂಖ್ಯೆ ಮಾಡಿಕೊಂಡರೆ ಅರ್ಧ ಕೆಲಸ ಮುಗಿದಂತೆ. 4.5 ಕಿಲೋ ಒಣದ್ರಾಕ್ಷಿಯನ್ನು 0.25 ಕಿಲೋ ಪೊಟ್ಟಣಗಳಾಗಿ ಕಟ್ಟಿದರೆ ಎಷ್ಟು ಪೊಟ್ಟಣ? ಎರಡನ್ನೂ ನೂರರಿಂದ ಗುಣಿಸಿ 450ನ್ನು 25ರಿಂದ ಭಾಗಿಸಿ, 18. ಎರಡನ್ನೂ ಒಂದೇ ಸಂಖ್ಯೆಯಿಂದ ಗುಣಿಸಿರುವುದರಿಂದ ಪೊಟ್ಟಣಗಳ ಎಣಿಕೆ ಬದಲಾಗುವುದಿಲ್ಲ. ಗ್ರಾಂನಲ್ಲಿ 4,500ನ್ನು 250ರಿಂದ ಭಾಗಿಸಿದರೂ ಅದೇ 18. ಇನ್ನೊಂದು ಎಚ್ಚರ ಬೇಕು. 12.24ನ್ನು 4ರಿಂದ ಭಾಗಿಸಿ 3.6 ಎಂದು ಬರೆಯುವವರು ಬಹಳ. ದಶಾಂಶ ಸ್ಥಾನದ 2ರಲ್ಲಿ 4 ಹೋಗುವುದಿಲ್ಲ, ಅಲ್ಲಿ ಸೊನ್ನೆ ಬರೆದೇ ಮುಂದೆ ಹೋಗಬೇಕು: 3.06.

ಬರೆಯುವ ಕ್ರಮದ ಬಗ್ಗೆ ಸ್ವಲ್ಪ ಕಟ್ಟುನಿಟ್ಟಾಗಿಯೇ ಹೇಳಬೇಕೆನಿಸುತ್ತದೆ. ಒಂದಕ್ಕಿಂತ ಕಡಿಮೆ ಇರುವ ಸಂಖ್ಯೆಗೆ ಬಿಂದುವಿನ ಎಡಕ್ಕೆ ಸೊನ್ನೆ ಹಾಕಲೇಬೇಕು. .5 ಎಂದು ಬರೆಯಬೇಡಿ, 0.5 ಎಂದು ಬರೆಯಿರಿ. ತಿಕೋಟಾ ಕಡೆಯ ದ್ರಾಕ್ಷಿ ತೋಟದಲ್ಲಿ ಔಷಧಿ ಸಿಂಪಡಿಸುವವರ ಕೈಗೆ ಚೀಟಿ ಬಂದಿದೆ, ಲೀಟರ್ ನೀರಿಗೆ .5 ಮಿಲಿ. 200 ಲೀಟರಿನ ಬ್ಯಾರಲ್‌ಗೆ 100 ಮಿಲಿ ಹಾಕಬೇಕು. ಚೀಟಿ ಮಡಚಿ, ಬೆವರಿಗೆ ಒದ್ದೆಯಾಗಿ, ಆ ಚುಕ್ಕೆ ಅಳಿಸಿದರೆ ಓದುವವರು 5 ಮಿಲಿ ಎಂದೇ ಓದುತ್ತಾರೆ. ಬ್ಯಾರಲ್‌ಗೆ ಒಂದು ಲೀಟರ್ ಬೀಳುತ್ತದೆ. ಮಕ್ಕಳ ಔಷಧಿಯಲ್ಲಿ ಇದೇ ತಪ್ಪು ಜೀವಕ್ಕೆ ಕುತ್ತು ತರಬಲ್ಲದು. ಆದ್ದರಿಂದಲೇ ಔಷಧಿಯ ಪ್ರಮಾಣ ಬರೆಯುವಾಗ 0.5ರ ಎಡದ ಸೊನ್ನೆ ಬಿಡಬಾರದು, 5 ಎಂಬುದನ್ನು 5.0 ಎಂದು ಬರೆಯಬಾರದು ಎಂಬ ನಿಯಮವಿದೆ. 5.0ರ ಚುಕ್ಕೆ ಕಾಣದಿದ್ದರೆ ಅದು ಐವತ್ತಾಗುತ್ತದೆ. ನಮ್ಮ ಅಂಗಡಿಗಳ ಕೈಬರಹದ ರಸೀದಿಗಳಲ್ಲಿ 150-00 ಎಂದು ಅಡ್ಡಗೆರೆ ಎಳೆದು ಬರೆಯುವ ಪದ್ಧತಿ ಇದೆ. ಚುಕ್ಕೆ ಅಳಿಸೀತು, ಗೆರೆ ಅಳಿಸುವುದು ಕಷ್ಟ. ಹಳೆಯ ಪದ್ಧತಿಯಾದರೂ ಬುದ್ಧಿವಂತಿಕೆಯದು.

ಕೊನೆಯದಾಗಿ, ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವ ಸಂಗತಿ. ಕಾಣುವ ಪ್ರತಿ ಚುಕ್ಕೆಯೂ ದಶಮಾಂಶ ಬಿಂದುವಲ್ಲ. ಚುಕ್ಕೆಯ ಬಲಕ್ಕಿರುವುದು ಹತ್ತರ ಲೆಕ್ಕದಲ್ಲಿ ತುಂಬಿ ಎಡಕ್ಕೆ ದಾಟುತ್ತದೆಯೇ ಎಂದು ಕೇಳಿಕೊಳ್ಳಬೇಕು. ಕ್ರಿಕೆಟ್‌ನಲ್ಲಿ 4.3 ಓವರ್ ಎಂದರೆ ನಾಲ್ಕು ಓವರ್ ಮೂರು ಚೆಂಡು. ಓವರಿಗೆ ಆರು ಚೆಂಡಾದ್ದರಿಂದ ಅದು ನಾಲ್ಕೂವರೆ ಓವರ್. 36 ರನ್ ಆಗಿದ್ದರೆ ರನ್ ದರ 36ನ್ನು 4.5ರಿಂದ ಭಾಗಿಸಿ 8, 4.3ರಿಂದ ಅಲ್ಲ. ಬಾಡಿಗೆ ಟ್ರ್ಯಾಕ್ಟರ್ 2.30 ಗಂಟೆ ಕೆಲಸ ಮಾಡಿತು ಎಂದರೆ ಎರಡೂವರೆ ಗಂಟೆ. ಗಂಟೆಗೆ 1,200 ರೂಪಾಯಿಯಂತೆ 3,000 ಕೊಡಬೇಕು. ಕ್ಯಾಲ್ಕುಲೇಟರಿಗೆ 2.30 ಎಂದೇ ಕೊಟ್ಟರೆ 2,760 ಬರುತ್ತದೆ, ಟ್ರ್ಯಾಕ್ಟರಿನವರಿಗೆ 240 ರೂಪಾಯಿ ನಷ್ಟ.

ಅಡಿ ಅಂಗುಲದಲ್ಲೂ ಇದೇ ಬಲೆ. ಗೋಳಗುಮ್ಮಟದ ಗುಮ್ಮಟದ ಒಳವ್ಯಾಸವನ್ನು 124 ಅಡಿ 5 ಅಂಗುಲ ಎಂದು ಬರೆಯುತ್ತಾರೆ. ಅದು 124.5 ಅಡಿಯಲ್ಲ. ಅಡಿಗೆ ಹನ್ನೆರಡು ಅಂಗುಲ, 5ನ್ನು 12ರಿಂದ ಭಾಗಿಸಿದರೆ 0.4166 ಎಂದು ಸಾಗುತ್ತದೆ. ಎರಡು ಸ್ಥಾನಕ್ಕೆ ಸರಿಹೊಂದಿಸಿದರೆ 124.42 ಅಡಿ, 0.3048ರಿಂದ ಗುಣಿಸಿದರೆ 37.92 ಮೀಟರ್. ಇಲ್ಲಿ ತಪ್ಪು ಒಂದೇ ಅಂಗುಲದ್ದು. ಆದರೆ ಎತ್ತರ 5.11 ಎಂದು ಅರ್ಜಿಯಲ್ಲಿ ತುಂಬುವವರು ಗಮನಿಸಬೇಕು: ಐದು ಅಡಿ ಹನ್ನೊಂದು ಅಂಗುಲ ದಶಮಾಂಶದಲ್ಲಿ 5.92 ಅಡಿ. 5.11 ಅಡಿ ಎಂದರೆ ಐದು ಅಡಿ ಒಂದು ಅಂಗುಲ ಚಿಲ್ಲರೆ.

ನಮ್ಮ ಭಾಗದಲ್ಲಿ ಅತಿ ಹೆಚ್ಚು ಹಣ ಕೈ ಬದಲಾಗುವುದು ಹೊಲದ ಉತಾರದಲ್ಲಿ, ಅಂದರೆ ಪಹಣಿಯಲ್ಲಿ, ಇರುವ ಚುಕ್ಕೆಯಿಂದ. ಪಹಣಿಯಲ್ಲಿ ವಿಸ್ತೀರ್ಣವನ್ನು ಎಕರೆ, ಗುಂಟೆ ಎಂದು ಚುಕ್ಕೆ ಇಟ್ಟು ಬರೆಯುತ್ತಾರೆ. ಒಂದು ಎಕರೆಗೆ ನಲವತ್ತು ಗುಂಟೆ, ಒಂದು ಗುಂಟೆಗೆ ಹದಿನಾರು ಆಣೆ. ಆದ್ದರಿಂದ ಆ ಚುಕ್ಕೆಗೂ ಹತ್ತಕ್ಕೂ ಸಂಬಂಧವಿಲ್ಲ. ಅಣ್ಣನ ಪಾಲು 1.25, ತಮ್ಮನ ಪಾಲು 2.30 ಎಂದಿದ್ದರೆ ಒಟ್ಟು 3.55 ಎಂದು ಬರೆಯಲಾಗದು. ಗುಂಟೆಗಳನ್ನು ಬೇರೆ ಕೂಡಿದರೆ 25ಕ್ಕೆ 30 ಸೇರಿ 55, ಅದರಲ್ಲಿ ನಲವತ್ತು ಒಂದು ಎಕರೆಯಾಗಿ ಎಡಕ್ಕೆ ದಾಟುತ್ತದೆ, 15 ಉಳಿಯುತ್ತದೆ. ಒಟ್ಟು ನಾಲ್ಕು ಎಕರೆ ಹದಿನೈದು ಗುಂಟೆ. ದರ ಕಟ್ಟುವಾಗ ಗುಂಟೆಯನ್ನು ಮೊದಲು 40ರಿಂದ ಭಾಗಿಸಿ ದಶಮಾಂಶಕ್ಕೆ ತರಬೇಕು. ಉತಾರದಲ್ಲಿ 2.20 ಎಂದಿರುವ ಹೊಲದಲ್ಲಿ ಇಪ್ಪತ್ತು ಗುಂಟೆ ಅರ್ಧ ಎಕರೆ, ಹೊಲ 2.5 ಎಕರೆ. ಎಕರೆಗೆ 12 ಲಕ್ಷದಂತೆ ಮಾತಾಗಿದ್ದರೆ ಬೆಲೆ 30 ಲಕ್ಷ. ಅದೇ 2.20ನ್ನು ಮೊಬೈಲಿನ ಕ್ಯಾಲ್ಕುಲೇಟರಿಗೆ ನೇರವಾಗಿ ಒತ್ತಿ 12ರಿಂದ ಗುಣಿಸಿದರೆ 26.4 ಲಕ್ಷ ಬರುತ್ತದೆ. ಮಾರುವವರಿಗೆ 3.6 ಲಕ್ಷ ರೂಪಾಯಿ ಕಡಿಮೆ. ವ್ಯವಹಾರಕ್ಕೆ ಕೂರುವ ಮುನ್ನ ಗುಂಟೆಯನ್ನು ನಲವತ್ತರಿಂದ ಭಾಗಿಸಿದ ಸಂಖ್ಯೆಯನ್ನು ಉತಾರದ ಪ್ರತಿಯ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದಿಟ್ಟುಕೊಳ್ಳಿ, ಕ್ಯಾಲ್ಕುಲೇಟರಿಗೆ ಆ ಸಂಖ್ಯೆಯನ್ನೇ ಕೊಡಿ.